ಹಸಿರು ಪಟ್ಟಿಯ ಬಾವಿ

ನಮ್ಮ ಮನೆಯಲ್ಲಿ ನೀರಿನ ಬಗ್ಗೆ ಮಾತಾಡುವವರು ಬೇರೆ, ನೀರು ತುಂಬುವವರು ಬೇರೆ. ಮಾತು ಅಪ್ಪನದು. ಪುಣೆಯ ಕ್ಯಾಂಪ್ ಭಾಗದ ಒಂದು ಆಫೀಸಿನಲ್ಲಿ ಹೆಡ್ ಕ್ಲರ್ಕ್ ಆಗಿದ್ದ ಅಪ್ಪ ಸಂಜೆ ಮನೆಗೆ ಬರುವ ಹೊತ್ತಿಗೆ ಬಚ್ಚಲಲ್ಲಿ ಕೈಕಾಲಿಗೆ ಬಕೆಟ್ ತುಂಬಿರಬೇಕು, ಪಡಸಾಲೆಯ ಗೂಡಿನಲ್ಲಿ ಕುಡಿಯಲು ತಾಮ್ರದ ಚೊಂಬು ಮುಚ್ಚಿಟ್ಟಿರಬೇಕು. ಅದರಲ್ಲಿ ಅರ್ಧ ಕುಡಿದು, ಉಳಿದದ್ದರಲ್ಲಿ ಬಾಯಿ ಮುಕ್ಕಳಿಸಿ ಅಂಗಳಕ್ಕೆ ಉಗುಳಿ, ಕುರ್ಚಿಗೆ ಒರಗಿ, ಮುಂದಿನ ತಲೆಮಾರಿಗೆ ಹನಿ ನೀರೂ ಸಿಗುವುದಿಲ್ಲ ಎಂದು ನಮಗೆ ಎಚ್ಚರಿಕೆ ಕೊಡುತ್ತಿದ್ದ. ಮುಂದಿನ ತಲೆಮಾರು ಎಂದರೆ ನಾನು ಮತ್ತು ಅಕ್ಕ. ನಾವಿಬ್ಬರೂ ಆಗ ಒದ್ದೆ ಲಂಗ ಹಿಂಡಿಕೊಳ್ಳುತ್ತ ನಿಂತಿರುತ್ತಿದ್ದೆವು, ಏಕೆಂದರೆ ಆ ಬಕೆಟ್ ಹಿತ್ತಿಲಿನಿಂದ ಹೊತ್ತು ತಂದವರು ನಾವೇ. ಅಪ್ಪನ ಭಾಷಣ ನನಗೆ ಬಾಯಿಪಾಠ ಆಗಿಹೋಗಿದೆ. ಈಗಲೂ ಯಾವುದಾದರೂ ವೇದಿಕೆಯ ಮೇಲೆ ಯಾರಾದರೂ ಕೈಯೆತ್ತಿ 'ಜಲವೇ ಜೀವನ' ಎಂದು ಶುರು ಮಾಡಿದರೆ ಮುಂದಿನ ಸಾಲು ಅವರಿಗಿಂತ ಮೊದಲೇ ನನಗೆ ಗೊತ್ತಿರುತ್ತದೆ.

ಮನೆ ಇದ್ದದ್ದು ಟೇಕಡಿಯ ಬುಡಕ್ಕೆ. ಪುಣೆಯವರು ಗುಡ್ಡಕ್ಕೆ ಟೇಕಡಿ ಅನ್ನುತ್ತಾರೆ, ನಾವೂ ಹಾಗೇ ಅನ್ನುತ್ತಿದ್ದೆವು. ಹಳೆಯ ಕಲ್ಲಿನ ಮನೆ. ಮುಂದೆ ಪಡಸಾಲೆ, ನಡುವೆ ಹಗಲಲ್ಲೂ ದೀಪ ಬೇಡುವ ಒಂದು ಕೋಣೆ, ಆಮೇಲೆ ಅಡುಗೆಮನೆ. ಅಡುಗೆಮನೆಯ ಹಿಂಬಾಗಿಲು ತೆರೆದರೆ ಹಿತ್ತಿಲು, ಹಿತ್ತಿಲಿನಲ್ಲಿ ಬಾವಿ. ಅಪ್ಪನ ರಾಜ್ಯ ಪಡಸಾಲೆಗೇ ಮುಗಿಯುತ್ತಿತ್ತು. ಬಾವಿ ಅವ್ವನದು. ನಲ್ಲಿಯ ನೀರಿಗೆ ಬ್ಲೀಚಿಂಗ್ ಪೌಡರಿನ ವಾಸನೆ, ಅದರಲ್ಲಿ ಮಾಡಿದ ಚಹಾ ಔಷಧ ಕುಡಿದ ಹಾಗೆ ಎಂದು ಅವ್ವ ಮೂಗು ಮುರಿಯುತ್ತಿದ್ದಳು. ಬಾವಿಯ ನೀರು ಮಾತ್ರ ತಣ್ಣಗೆ, ಸಿಹಿಯಾಗಿ ಇರುತ್ತಿತ್ತು. ಅವ್ವನಿಗೆ ಅದರ ಸೊಕ್ಕು ಕಡಿಮೆ ಇರಲಿಲ್ಲ. ಓಣಿಯ ಹೆಂಗಸರು ನೀರಿಗೆ ಬಂದರೆ ಒಬ್ಬೊಬ್ಬರಿಗೆ ಒಂದೇ ಕೊಡ, ಅದೂ ಆಕೆ ಬಾವಿಕಟ್ಟೆಯ ಮೇಲೆ ಕೂತು ನೋಡುತ್ತಿರುವಾಗಲೇ ಸೇದಬೇಕು. ಬೇಸಿಗೆ ಬಂತೆಂದರೆ ಆ ಸೊಕ್ಕು ಇಳಿಯುತ್ತಿತ್ತು. ಬಾವಿಯ ತಳದಲ್ಲಿ ನಾಲ್ಕು ಕಪ್ಪೆಗಳಿಗೆ ಸಾಕಾಗುವಷ್ಟು ಕೆಸರು ಉಳಿಯುತ್ತಿತ್ತು, ಅವ್ವ ಮಳೆ ಬರುವ ತನಕ ಯಾರೊಂದಿಗೂ ಸರಿಯಾಗಿ ಮಾತಾಡುತ್ತಿರಲಿಲ್ಲ.

ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ನೀರನ್ನು ಬೇರೆಯೇ ಲೆಕ್ಕದಲ್ಲಿ ನೋಡುತ್ತಿದ್ದಳು. ಬೆಳಗಿನ ಜಾವ ನಲ್ಲಿ ಗೊರ್ರ್ ಎಂದು ಸದ್ದು ಮಾಡಿದ ಕೂಡಲೇ ಎದ್ದು, ಹಿಂದಿನ ದಿನ ತುಂಬಿಟ್ಟ ನೀರನ್ನೆಲ್ಲ ಒಂದೊಂದೇ ಹಂಡೆ ಬಗ್ಗಿಸಿ ಮೋರಿಗೆ ಸುರಿಯುತ್ತಿದ್ದಳು. ನಿನ್ನೆಯ ನೀರು ಮೈಲಿಗೆಯಲ್ಲ, ಆದರೆ ತಂಗಳು. ದೇವರಿಗೆ ತಂಗಳು ನಡೆಯುವುದಿಲ್ಲ. ಈ ಪದ್ಧತಿ ನಮ್ಮ ಮನೆಯಲ್ಲಿ ಮಾತ್ರ ಇರಲಿಲ್ಲ, ಓಣಿಯ ಎಲ್ಲ ಮೋರಿಗಳೂ ಆ ಹೊತ್ತಿಗೆ ತುಂಬಿ ಹರಿಯುತ್ತಿದ್ದವು. ಪುಣೆಯ ಅರ್ಧ ಡ್ಯಾಮು ದಿನಾ ಹೀಗೆ ತಂಗಳೆಂದು ಗಟಾರಕ್ಕೆ ಹೋಗುತ್ತಿತ್ತೆಂದು ನನ್ನ ಅಂದಾಜು. ಅವ್ವನಿಗೂ ಅಜ್ಜಿಗೂ ದಿನದ ಮೊದಲ ಜಗಳ ಅಲ್ಲಿಂದಲೇ ಶುರು.

"ಅತ್ತಿ, ಅದನ್ನ ಚೆಲ್ಲಬ್ಯಾಡ್ರಿ. ನಾ ಅರಬಿ ಒಗೀಲಿಕ್ಕೆ ಇಟ್ಟೀನಿ."

"ನಿನ್ನಿ ನೀರ ಮನ್ಯಾಗ ಇಟಗೊಂಡ್ರ ಲಕ್ಷ್ಮಿ ನಿಲ್ಲಂಗಿಲ್ಲ."

"ನೀರ ಏನ ಅನ್ನ ಅದನ್ರಿ ಹಳಸಲಿಕ್ಕೆ? ನಾಕ ತಿಂಗಳ ಡ್ಯಾಮಿನ್ಯಾಗ ಕೂತು ಬಂದದ್ದದು."

ಪಡಸಾಲೆಯಿಂದ ಪೇಪರ್ ಸದ್ದು ಮಾತ್ರ ಕೇಳುತ್ತಿತ್ತು. ನೀರು ಉಳಿಸಿ ಎಂದು ಊರಿಗೆಲ್ಲ ಹೇಳುವ ಅಪ್ಪ ತನ್ನ ತಾಯಿಗೆ ಒಂದು ಹಂಡೆ ಚೆಲ್ಲಬೇಡ ಎಂದು ಒಮ್ಮೆಯೂ ಹೇಳಿದ್ದು ನಾನು ಕೇಳಿಲ್ಲ.

ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಓಣಿಯಲ್ಲಿ ಒಂದು ಸಮಿತಿ ಹುಟ್ಟಿತು. ಟೇಕಡಿಯ ಮೇಲೆ ಬೀಳುವ ಮಳೆಯನ್ನು ಅಲ್ಲೇ ನಿಲ್ಲಿಸಿ ನೆಲಕ್ಕೆ ಇಂಗಿಸಬೇಕು, ಹಾಗೆ ಮಾಡಿದರೆ ಕೆಳಗಿನ ಹಳ್ಳಕ್ಕೂ ಬಾವಿಗಳಿಗೂ ನೀರು ಬರುತ್ತದೆ, ಹಳ್ಳ ಬದುಕಿದರೆ ನದಿ ಬದುಕುತ್ತದೆ ಎಂಬುದು ಅದರ ಉದ್ದೇಶ. ರಿಟೈರಾದ ಒಬ್ಬ ಇಂಜಿನಿಯರ್ ಅಧ್ಯಕ್ಷರು, ನಮ್ಮ ಅಪ್ಪ ಕಾರ್ಯದರ್ಶಿ. ದುಡ್ಡು ಒಂದು ಕಂಪನಿಯದು. ಇದಕ್ಕೆ ಪಾರ್ಟ್‌ನರ್‌ಶಿಪ್ ಎಂದು ಹೆಸರು, ಆ ಶಬ್ದ ಸಿಕ್ಕಿದ ದಿನದಿಂದ ಅಪ್ಪ ಅದನ್ನು ಊಟದ ತಟ್ಟೆಯ ಮುಂದೆಯೂ ಬಿಡಲಿಲ್ಲ. ಉಪ್ಪಿನಕಾಯಿ ಕೇಳುವುದೂ ಪಾರ್ಟ್‌ನರ್‌ಶಿಪ್ಪೇ. ಕೆಲಸ ಮಾಡಿದವರು ಪಾರ್ಟ್‌ನರುಗಳಲ್ಲ. ಊರಂಚಿನ ವಾಕಡದ ಕಡೆ ಆಗಷ್ಟೇ ಏಳತೊಡಗಿದ್ದ ಕಟ್ಟಡಗಳಿಗೆ ದುಡಿಯಲು ಬಂದಿದ್ದ ಯಾದಗಿರಿ ಸೀಮೆಯ ಗಂಡಸರು ಹೆಂಗಸರು ಗುಡ್ಡದ ಮೈಗೆ ಅಡ್ಡಡ್ಡ ಗುಂಡಿ ತೋಡಿದರು, ಸೀಳುಗಳಿಗೆ ಕಲ್ಲಿನ ಒಡ್ಡು ಕಟ್ಟಿದರು. ಸಮಿತಿಯವರು ಭಾನುವಾರ ಬಿಳಿ ಟೋಪಿ ಹಾಕಿಕೊಂಡು ಹೋಗಿ, ಮೊದಲೇ ತೋಡಿದ ಗುಂಡಿಯಲ್ಲಿ ನಿಂತು ಸನಿಕೆ ಹಿಡಿದು ಫೋಟೋ ತೆಗೆಸಿಕೊಂಡು ಹನ್ನೊಂದಕ್ಕೆಲ್ಲ ಮಿಸಳ್ ತಿನ್ನಲು ಇಳಿದು ಬರುತ್ತಿದ್ದರು. ಇಷ್ಟು ಅಂದ ಮೇಲೆ ಇನ್ನೊಂದು ಮಾತೂ ಹೇಳಬೇಕು. ಗುಂಡಿಗಳು ಕೆಲಸ ಮಾಡಿದವು. ಮುಂದಿನ ಬೇಸಿಗೆಯಲ್ಲಿ ಬಾವಿ ಬತ್ತಲಿಲ್ಲ. ಗುಡ್ಡದ ಕಡೆಯ ಕಲ್ಲಿನ ಸಂದಿಯಿಂದ ಬೆರಳು ದಪ್ಪದ ನೀರು ವೈಶಾಖದಲ್ಲೂ ಇಳಿಯುತ್ತಿತ್ತು. ಅವ್ವ ಆ ವರ್ಷ ಬೇಸಿಗೆಯಲ್ಲೂ ನಗುತ್ತಿದ್ದಳು, ಓಣಿಯವರಿಗೆ ಎರಡೆರಡು ಕೊಡ ಬಿಟ್ಟಳು.

ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಕಂಪನಿಗೆ ಫಲ ಕಣ್ಣಿಗೆ ಕಾಣಬೇಕಲ್ಲ. ಪೇಂಟರ್ ಬಂದು ನಮ್ಮ ಬಾವಿಯ ಒಳಗೋಡೆಗೆ ಮೂರು ಪಟ್ಟಿ ಬಳಿದ: ತಳದಲ್ಲಿ ಕೆಂಪು, ನಡುವೆ ಹಳದಿ, ಮೇಲೆ ಹಸಿರು. ನೀರು ಹಸಿರು ಪಟ್ಟಿಗೆ ಮುಟ್ಟಿತೆಂದರೆ ಯೋಜನೆ ಗೆದ್ದ ಹಾಗೆ. ಆ ಮಳೆಗಾಲದ ಕೊನೆಗೆ ನೀರು ಹಸಿರಿಗೆ ಬಂತು. ಅಪ್ಪ ಬಾವಿಯೊಳಗೆ ಬಗ್ಗಿ ನೋಡಿದ್ದು ಅದೇ ಮೊದಲು. ಅವನ ಮುಖದಲ್ಲಿ ಹೆರಿಗೆಯಾದ ಬಾಣಂತಿಗಿಂತ ಹೆಚ್ಚು ಹೆಮ್ಮೆ ಇತ್ತು. ಗೆದ್ದದ್ದನ್ನು ಆಚರಿಸಬೇಡವೇ? ಸಮಿತಿ ಪಡಸಾಲೆಯಲ್ಲಿ ಕೂತು, ನಮ್ಮ ಮನೆಯ ಪೋಹೆ ತಿಂದು, ಒಂದು ಕಾರ್ಯಕ್ರಮ ಗೊತ್ತು ಮಾಡಿತು. ಮುಳಾ, ಮುಠಾ, ಪವನಾ, ಇಂದ್ರಾಯಣಿ, ಈ ನಾಲ್ಕು ನದಿಗಳ ನೀರು ತಂದು ನಮ್ಮ ಬಾವಿಗೆ ಸುರಿಯುವುದು. ನದಿ-ಬಾವಿ ಸಂಗಮ. ಬಾವಿ ನದಿಗಳ ತಂಗಿ ಆಗುತ್ತಾಳೆ ಎಂದು ಅಧ್ಯಕ್ಷರು ಹೇಳಿದಾಗ ಅಪ್ಪನ ಕಣ್ಣಲ್ಲಿ ನೀರು ಬಂತು. ಆ ನದಿಗಳು ಊರೊಳಗೆ ಹರಿಯುವ ಜಾಗದಲ್ಲಿ ಬಸ್ಸಿನ ಕಿಟಕಿ ಮುಚ್ಚಿಕೊಳ್ಳುವ ಜನವೇ ಇವರೆಲ್ಲ. ಅವ್ವ ಪೋಹೆಯ ತಟ್ಟೆ ಎತ್ತಲು ಬಂದವಳು ಬಾಗಿಲಲ್ಲೇ ನಿಂತಳು. ಅತಿಥಿಗಳು ಹೋದ ಮೇಲೆ ಕೇಳಿದಳು.

"ಆ ನೀರಾಗ ಎಮ್ಮಿ ಇಳಿಯಂಗಿಲ್ರಿ. ಅದನ್ನ ತಂದು ನನ್ನ ಬಾವ್ಯಾಗ ಹಾಕ್ತೀರೇನು?"

"ಸಾಂಕೇತಿಕ ಅದ ಅದು. ನಿನಗ ತಿಳಿಯಂಗಿಲ್ಲ."

"ಸಾಂಕೇತಿಕ ಅಂದ್ರ ವಾಸನಿ ಬರಂಗಿಲ್ಲೇನು?"

"ನದಿ ತಾಯಿ ಇದ್ದಂಗ. ತಾಯಿಗೆ ಹೊಲಸ ಅಂತೀಯೇನು?" ಎಂದು ನಡುವೆ ಬಾಯಿ ಹಾಕಿದವಳು ಅಜ್ಜಿ. ನಿನ್ನೆಯ ನಲ್ಲಿ ನೀರನ್ನು ತಂಗಳೆಂದು ಚೆಲ್ಲುವ ಅಜ್ಜಿ. ನನಗೆ ಆಗಲೇ ನಗು ತಡೆಯಲಾಗಿರಲಿಲ್ಲ, ಅದಕ್ಕೆ ಅಪ್ಪನಿಂದ ಬೈಸಿಕೊಂಡೆ.

ನಾಲ್ಕು ತಂಬಿಗೆ ನೀರಾಗಿದ್ದರೆ ಬಾವಿ ನುಂಗಿಕೊಳ್ಳುತ್ತಿತ್ತೇನೋ. ತಂಬಿಗೆಯಿಂದ ಸುರಿದರೆ ಫೋಟೋದಲ್ಲಿ ಧಾರೆ ಕಾಣುವುದಿಲ್ಲ ಎಂದು ಫೋಟೋದವನು ಹೇಳಿದನಂತೆ. ಹಾಗಾಗಿ ಒಂದು ಟೆಂಪೋದ ತುಂಬ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು ಬಂದವು. ಡ್ರಮ್ಮಿನ ಮೇಲೆ ಒಂದೊಂದು ನದಿಯ ಹೆಸರು ಬರೆದಿತ್ತು, ಒಳಗಿನ ನೀರು ಮಾತ್ರ ಎಲ್ಲದರಲ್ಲೂ ಒಂದೇ ಬಣ್ಣದ್ದು, ಒಂದೇ ಕಪ್ಪು ನೊರೆಯದ್ದು. ಟೆಂಪೋದವನು ಎಲ್ಲವನ್ನೂ ಹತ್ತಿರದ ಒಂದೇ ಸೇತುವೆಯ ಕೆಳಗೆ ತುಂಬಿಸಿ ತಂದಿದ್ದ. ಕೇಳಿದ್ದಕ್ಕೆ ಮುಚ್ಚುಮರೆ ಇಲ್ಲದೆ ಹೇಳಿದ ಕೂಡ. ಅಪ್ಪ ಅವನಿಗೆ ಸುಮ್ಮನಿರಲು ಸನ್ನೆ ಮಾಡಿದ. ಹಿತ್ತಿಲಿನಲ್ಲಿ ಶಾಮಿಯಾನ, ಮೈಕು, ಶಾಲು. ಕಂಪನಿಯಿಂದ ಬಂದ ಮೇಡಂ ಒಳ್ಳೆಯ ಹೆಂಗಸು, ಖಾದಿ ಸೀರೆ ಉಟ್ಟಿದ್ದಳು. ಡ್ರಮ್ಮಿನ ಮುಚ್ಚಳ ತೆಗೆದಾಗ ಸೆರಗನ್ನು ಭಕ್ತಿಯಿಂದ ಎಂಬ ಹಾಗೆ ಮೂಗಿಗೆ ಒಯ್ದಳು. ಮೇಡಂ, ಅಧ್ಯಕ್ಷರು, ಅಪ್ಪ ಮೂವರೂ ಡ್ರಮ್ಮಿಗೆ ಕೈ ಮುಟ್ಟಿಸಿದರು, ಎತ್ತಿದವರು ಟೆಂಪೋದ ಹಮಾಲರು. ನೀರು ಬಿತ್ತು. ಅದರ ಹಿಂದೆ ಹಾಲು, ಅರಿಶಿನ, ಕುಂಕುಮ, ಚೆಂಡುಹೂವಿನ ಹಾರಗಳು, ಒಡೆದ ತೆಂಗಿನಕಾಯಿಗಳು, ಶಾಮಿಯಾನಕ್ಕೆ ಕಟ್ಟಿದ್ದ ಮಾವಿನ ತೋರಣ ಕೂಡ. 'ಪಾಣಿ ವಾಚವಾ' ಎಂದು ಎಲ್ಲರೂ ಕೂಗಿದರು. ನೀರು ಉಳಿಸಿ ಎಂದರ್ಥ. ಅವ್ವ ಅಡುಗೆಮನೆಯ ಹೊಸ್ತಿಲಿನ ಮೇಲೆ ನಿಂತಿದ್ದಳು. ನನಗೆ ಆ ಜನರ ಮೇಲೆ ಅಸಹ್ಯ ಹುಟ್ಟಿದ್ದು ಆ ದಿನ, ಇಂದಿಗೂ ಅದು ಹೋಗಿಲ್ಲ, ಹೋಗಲಿ ಎಂಬ ಆಸೆಯೂ ನನಗಿಲ್ಲ.

ವಾರ ಕಳೆಯುವುದರೊಳಗೆ ಹಾರಗಳು ಕೊಳೆತವು, ನೀರಿನ ಮೇಲೆ ಜಿಡ್ಡಿನ ಪದರ ಕಟ್ಟಿತು. ತೀರ್ಥವೆಂದು ಒಂದು ಉದ್ಧರಣೆ ಕುಡಿದಿದ್ದ ಅಜ್ಜಿ ವಾಂತಿ ಭೇದಿಯಿಂದ ಹಾಸಿಗೆ ಹಿಡಿದಳು. ಹವಾ ಬದಲಾದದ್ದಕ್ಕೆ ಹೀಗಾಗಿದೆ ಎಂದು ಅಪ್ಪ ಡಾಕ್ಟರಿಗೇ ಹೇಳಿದ. ಅವ್ವ ಹಗ್ಗ ಬಿಚ್ಚಿ ಸುತ್ತಿ ಅಟ್ಟದ ಮೇಲೆ ಎಸೆದಳು. ಅಂದಿನಿಂದ ನಲ್ಲಿಯ ನೀರು, ಅದು ಸಾಲದಾಗ ಓಣಿಗೆ ಬರುವ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಲ್ಲುವುದು. ತನ್ನ ಬಾವಿಕಟ್ಟೆಯ ಮೇಲೆ ರಾಣಿಯ ಹಾಗೆ ಕೂತವಳು ಈಗ ಅದೇ ಹೆಂಗಸರ ಹಿಂದೆ ಪಾಳಿ ಹಚ್ಚಬೇಕಾಯಿತು, ಅವರೂ ಆಡಿಕೊಳ್ಳದೆ ಬಿಡಲಿಲ್ಲ. ಅವ್ವ ಕೇಳಿದ್ದು ಒಂದೇ: ಪಂಪ್ ಹಚ್ಚಿಸಿ ಬಾವಿಯನ್ನು ಪೂರ್ತಿ ಖಾಲಿ ಮಾಡಿಸಿ, ತಳ ತೊಳೆಸಿ, ಹೊಸ ನೀರು ಬರಲು ಬಿಡಿ.

"ಖಾಲಿ ಮಾಡಿದ್ರ ಲೆವೆಲ್ ಕೆಂಪ ಪಟ್ಟಿಗೆ ಇಳೀತದ. ಕಂಪನಿಯವರು ನೋಡ್ಲಿಕ್ಕೆ ಬರವರಿದ್ದಾರ."

"ಬರ್ಲಿ. ಬಂದು ಕುಡೀಲಿ."

"ಲೆವೆಲ್ ನೋಡ್ತಾರ ಅವರು, ಕುಡ್ಯಂಗಿಲ್ಲ."

ಇದಕ್ಕಿಂತ ನಿಜವಾದ ಮಾತು ಅಪ್ಪ ತನ್ನ ಜೀವನದಲ್ಲಿ ಆಡಿರಲಿಕ್ಕಿಲ್ಲ. ಕಂಪನಿಯವರ ಭೇಟಿ ಮುಂದಕ್ಕೆ ಹೋಗುತ್ತಲೇ ಇತ್ತು. ಒಮ್ಮೆ ಅವ್ವ ತಾನೇ ಪಂಪಿನವನನ್ನು ಕರೆಸಿದಳು. ಅಪ್ಪ ಅವನನ್ನು ಗೇಟಿನಿಂದಲೇ ವಾಪಸು ಕಳಿಸಿದ. ಬಾವಿ ಹಿತ್ತಿಲಿನಲ್ಲಿ ಹಸಿರು ಪಟ್ಟಿಯ ತನಕ ತುಂಬಿ ನಾರುತ್ತಿತ್ತು.

ಹೀಗಿರುವಾಗ ಸೊಲ್ಲಾಪುರಕ್ಕೆ ಮದುವೆಯಾಗಿ ಹೋಗಿದ್ದ ಅಕ್ಕ ಚೊಚ್ಚಲ ಬಾಣಂತನಕ್ಕೆ ಬಂದಳು, ನಮ್ಮ ಮನೆಯಲ್ಲೇ ಹೆಣ್ಣು ಕೂಸು ಹೆತ್ತಳು. ನಮ್ಮ ಕಡೆ ಬಾಣಂತಿಗೆ ಗಂಗಿ ಪೂಜೆ ಆಗುವ ತನಕ ನೀರು ಸೇದುವ ಹಾಗಿಲ್ಲ, ಒಲೆಯ ಮುಂದೆ ಹೋಗುವ ಹಾಗಿಲ್ಲ. ಪೂಜೆಯ ದಿನ ಓಣಿಯ ಮುತ್ತೈದೆಯರ ಜೊತೆ ಬಾವಿಗೆ ಹೋಗಿ, ಕಟ್ಟೆಯ ಮೇಲೆ ಐದು ಹರಳು ಇಟ್ಟು, ಅರಿಶಿನ ಕುಂಕುಮ ಏರಿಸಿ, ತನ್ನ ಕೈಯಿಂದ ಮೊದಲ ಕೊಡ ಸೇದಿ, ಒಂದು ಗುಟುಕು ತಾನು ಕುಡಿದು, ಒಂದು ಹನಿ ಕೂಸಿನ ತುಟಿಗೆ ಹಚ್ಚಬೇಕು. ಅಷ್ಟಾದ ಮೇಲೆ ಗಂಡನ ಮನೆಗೆ ಹೋಗಬಹುದು. ಅವ್ವ ನಮ್ಮಿಬ್ಬರನ್ನು ಹೆತ್ತು ಇದೇ ಬಾವಿಯಲ್ಲಿ ಸೇದಿದ್ದಳು. ಮಗಳೂ ಇಲ್ಲೇ ಸೇದಬೇಕೆಂಬುದು ಅವಳ ಹಟ, ಅದು ಅಕ್ಕನ ಹಟವೂ ಆಗಿತ್ತು. ಆದರೆ ಕೂಸಿನ ತುಟಿಗೆ ಆ ನೀರು? ಅಕ್ಕ ಮೆತ್ತಗಿನ ಹುಡುಗಿ, ಅಪ್ಪನ ಎದುರು ದನಿ ಎತ್ತಿದವಳಲ್ಲ. ಅವಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹೇಳಿದಳು:

"ಅಪ್ಪಾ, ಬಾವಿ ಸ್ವಚ್ಛ ಮಾಡಿಸಿಕೊಡ್ರಿ. ಪೂಜಿ ಆಗದ ನಾ ಹೋಗಂಗಿಲ್ಲ, ಈ ನೀರಿಂದ ಪೂಜಿ ಮಾಡಂಗಿಲ್ಲ."

ಬೀಗರಿಂದ ಫೋನ್ ಬರತೊಡಗಿತು. ಅಪ್ಪ ಎರಡು ದಿನ ಯೋಚಿಸಿದ. ಮೂರನೆಯ ದಿನ ಖುಷಿಯಾಗಿ ಬಂದು, ಎಲ್ಲಕ್ಕೂ ದಾರಿ ಸಿಕ್ಕಿತು ಎಂದ. ಕಂಪನಿಯವರು ಬರುವ ದಿನವೇ ಗಂಗಿ ಪೂಜೆ ಇಟ್ಟುಕೊಳ್ಳುವುದು. ಸಂಸ್ಕೃತಿಯೂ ಆಯಿತು, ಲೆವೆಲ್ಲೂ ಆಯಿತು. ಮೇಡಂ ಕೇಳಿ ಬಹಳ ಸಂತೋಷಪಟ್ಟರಂತೆ, ಫೋಟೋದವನನ್ನು ಕರೆತರುತ್ತಾರಂತೆ. ಹೆತ್ತ ಮಗಳನ್ನು, ಕಣ್ಣು ಬಿಡದ ಮೊಮ್ಮಗಳನ್ನು, ಕಂಪನಿಯ ಫೋಟೋಗೆ ಶಾಮಿಯಾನದ ಹಾಗೆ ಹೂಡಲು ಹೊರಟಿದ್ದ. ಅವ್ವ ಜಗಳ ಮಾಡುತ್ತಾಳೆಂದು ಕಾದೆ. ಅವಳು ಆಯಿತು ಎಂದಳು, ಅಟ್ಟದಿಂದ ಹಗ್ಗ ಇಳಿಸಿದಳು.

ಆ ದಿನ ಬೆಳಿಗ್ಗೆ ಅವರು ಬಂದರು: ಮೇಡಂ, ಅಧ್ಯಕ್ಷರು, ಫೋಟೋದವನು. ಮೇಡಂ ಕೈಯಲ್ಲಿ ಆಗ ಹೊಸದಾಗಿ ಬಂದಿದ್ದ ಸೀಲು ಹಾಕಿದ ನೀರಿನ ಬಾಟಲಿ ಇತ್ತು. ಬಾವಿಯಲ್ಲಿ ಇಣುಕಿ, ಹಸಿರು ಪಟ್ಟಿ ನೋಡಿ, ಅದ್ಭುತ ಎಂದಳು. ಅಕ್ಕ ಕೂಸಿನೊಂದಿಗೆ ಹಿಂಬಾಗಿಲಲ್ಲಿ ನಿಂತಿದ್ದಳು, ಓಣಿಯ ಹೆಂಗಸರು ಅವಳ ಹಿಂದೆ. ಫೋಟೋದವನು ಅಕ್ಕನಿಗೆ ಬಾವಿಯ ಹತ್ತಿರ ಬರಲು ಕೈ ಮಾಡಿದ. ಅವ್ವ ಮುಂದೆ ಬಂದು, ತಾನೇ ಒಂದು ಕೊಡ ಸೇದಿ, ಬೆಳ್ಳಿಯ ತಂಬಿಗೆಗೆ ಸುರಿದು, ಎರಡೂ ಕೈಯಿಂದ ಮೇಡಂ ಮುಂದೆ ಹಿಡಿದಳು. ಪೇಟೆಯಲ್ಲಿ ತರಕಾರಿಯವಳೊಂದಿಗೆ ಆಡುವ ಮರಾಠಿಯಲ್ಲೇ ಹೇಳಿದಳು:

"ಆಧೀ ತುಮ್ಹೀ ಘ್ಯಾ. ಪಾಣೀ ತುಮಚಂಚ ಆಹೆ."

ಮೊದಲು ನೀವು ತಗೊಳ್ಳಿ, ನೀರು ನಿಮ್ಮದೇ. ಮೇಡಂ ನಕ್ಕಳು, ತಂಬಿಗೆ ತಗೊಂಡಳು, ಒಳಗೆ ನೋಡಿದಳು, ಕಣ್ಣಿಗೆ ಒತ್ತಿಕೊಂಡು ಅಧ್ಯಕ್ಷರಿಗೆ ಕೊಟ್ಟಳು. ಅಧ್ಯಕ್ಷರು ಹಣೆಗೆ ಮುಟ್ಟಿಸಿ ಅಪ್ಪನಿಗೆ ಕೊಟ್ಟರು. ಎಲ್ಲರೂ ಎಷ್ಟು ಭಕ್ತಿವಂತರು ಎಂದರೆ ಯಾರ ತುಟಿಯೂ ತಂಬಿಗೆಗೆ ತಾಗಲಿಲ್ಲ. ಅಪ್ಪನ ಹಿಂದೆ ಕೊಡಲು ಯಾರೂ ಇರಲಿಲ್ಲ.

"ಕುಡೀರಿ," ಎಂದಳು ಅವ್ವ. "ನೀವು ಕುಡದ್ರ ನನ್ನ ಮಗಳೂ ಕುಡೀತಾಳ. ಕೂಸಿಗೂ ಹಚ್ತಾಳ. ನಾ ಏನೂ ಅನ್ನಂಗಿಲ್ಲ."

ಅಪ್ಪ ತಂಬಿಗೆಯನ್ನು ಮೇಲಕ್ಕೆ ಎತ್ತಿದ. ಮೂಗಿನ ಹತ್ತಿರ ಬಂದಾಗ ಕೈ ನಿಂತಿತು. ಅವನು ಅಕ್ಕನ ಕಡೆ ನೋಡಿದ, ಕೂಸಿನ ಕಡೆ ನೋಡಿದ. ಆಮೇಲೆ ತಂಬಿಗೆಯನ್ನು ಮೆಲ್ಲಗೆ ಬಾವಿಕಟ್ಟೆಯ ಮೇಲೆ ಇಟ್ಟ. ಅಕ್ಕ ತಿರುಗಿ ಒಳಗೆ ಹೋದಳು, ಹೆಂಗಸರೂ ಹೋದರು. ಈಗ ಅಳತೆ ತೆಗೆಯೋಣವೇ ಎಂದು ಮೇಡಂ ಮೆತ್ತಗೆ ಕೇಳಿದಳು. ಅಪ್ಪ ಮರಾಠಿಯಲ್ಲಿ, ಇವತ್ತು ಅಳೆಯಬೇಡಿ, ನಾಳೆ ಬಾವಿ ಖಾಲಿ ಮಾಡಿಸುತ್ತೇನೆ ಎಂದ. ವರದಿಗೆ ಏನು ಬರೆಯುವುದು ಎಂದು ಅಧ್ಯಕ್ಷರು ಕೇಳುವಷ್ಟರಲ್ಲಿ ಅವನು ಪಂಪಿನವನಿಗೆ ಫೋನ್ ಮಾಡಲು ಒಳಗೆ ಹೋದ.

ಪಂಪು ಬಂತು. ಕಪ್ಪು ನೀರು ಮೋರಿಗೆ ಹೋಯಿತು, ತಳದಿಂದ ಕರಟ, ಕೊಳೆತ ನಾರು, ಹಾರದ ದಾರಗಳು ಬುಟ್ಟಿಗಟ್ಟಲೆ ಮೇಲೆ ಬಂದವು. ತಳ ತೊಳೆದು ಸುಣ್ಣ ಬಳಿದರು. ಗುಡ್ಡದ ಕಡೆಯ ಸಂದಿಯಿಂದ ಹೊಸ ನೀರು ಇಳಿಯತೊಡಗಿತು, ಕೆಂಪು ಪಟ್ಟಿ ದಾಟಿ ಹಳದಿಗೆ ಬರುವ ತನಕ ಅವ್ವ ಯಾರಿಗೂ ಮುಟ್ಟಗೊಡಲಿಲ್ಲ. ಆಮೇಲೆ ಮೊದಲು ತಾನು ಕುಡಿದಳು, ಕೆಲವು ದಿನ ತನ್ನ ಹೊಟ್ಟೆ ನೋಡಿಕೊಂಡಳು, ಪೂಜೆಯ ದಿನ ಇಟ್ಟಳು. ಫೋಟೋದವನಿಲ್ಲ, ಮೈಕಿಲ್ಲ. ಅಕ್ಕ ಐದು ಹರಳಿಗೆ ಅರಿಶಿನ ಹಚ್ಚಿದಳು, ಕೊಡ ಇಳಿಸಿದಳು, ಸೇದಿದಳು, ಕುಡಿದಳು. ಕೂಸು ತುಟಿಯ ಮೇಲಿನ ಹನಿಯನ್ನು ಚಪ್ಪರಿಸಿತು, ಹೆಂಗಸರೆಲ್ಲ ನಕ್ಕರು. ಅವ್ವ ಎಲ್ಲರ ಬೊಗಸೆಗೂ ಒಂದೊಂದು ಗುಟುಕು ಹಾಕುತ್ತ ಬಂದಳು: ಓಣಿಯ ಹೆಂಗಸರಿಗೆ, ಅಜ್ಜಿಗೆ, ನನಗೆ. ಕೊನೆಗೆ ಪಡಸಾಲೆಯಿಂದ ಎದ್ದು ಬಂದು ಅಂಗೈ ಒಡ್ಡಿ ನಿಂತಿದ್ದ ಅಪ್ಪನ ಮುಂದೆ ಬಂದು ತಂಬಿಗೆ ಕೆಳಗಿಟ್ಟಳು.

"ನನಗ?"

"ಬಾವಿ ಅದ, ಹಗ್ಗ ಅದ. ಸೇದಿ ಕುಡೀರಿ."

ಅಪ್ಪ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡ. ಕೊಡ ಇಳಿಬಿಟ್ಟ. ಅದು ನೀರಿನ ಮೇಲೆ ಮಗ್ಗುಲಾಗಿ ಬಿದ್ದು ತೇಲಿತು. ಹಗ್ಗವನ್ನು ಒಮ್ಮೆ ಜಗ್ಗಿ ಸಡಿಲ ಬಿಟ್ಟರೆ ಕೊಡ ತಾನಾಗಿ ಮುಳುಗುತ್ತದೆ. ನನಗೆ ಅದು ಏಳನೆಯ ವಯಸ್ಸಿಗೇ ಗೊತ್ತಿತ್ತು, ಸಮಿತಿಯ ಕಾರ್ಯದರ್ಶಿಗೆ ಗೊತ್ತಿರಲಿಲ್ಲ. ಮೇಲೆ ಎಳೆದ, ಖಾಲಿ ಕೊಡ ಬಂತು. ಮತ್ತೆ ಇಳಿಬಿಟ್ಟ. ಅಕ್ಕ ಏಳಲು ಹೋದಳು, ಅವ್ವ ಅವಳ ಕೈ ಹಿಡಿದು ಕೂರಿಸಿದಳು, ಆಮೇಲೆ ಎಲಿ ಹಾಕೀನಿ ಬರ್ರಿ ಎಂದು ಎಲ್ಲರನ್ನೂ ಒಳಗೆ ಕರೆದಳು. ಹೋಳಿಗೆ ಬಿಸಿಯಾಗಿತ್ತು, ತುಪ್ಪ ಧಾರಾಳವಾಗಿತ್ತು, ನಾವು ಉಣ್ಣುತ್ತಿದ್ದೆವು. ಖಾಲಿ ಕೊಡ ನೀರಿಗೆ ಬಡಿಯುವ ಸದ್ದು ಅಡುಗೆಮನೆಯ ತನಕ ಕೇಳುತ್ತಲೇ ಇತ್ತು.